ನಾಲ್ಕನೇ ಪುಸ್ತಕದಲ್ಲಿದ್ದ ನನ್ನ ಬಿಡುಗಡೆ

“ಆ ಪತ್ರಕ್ಕೂ ನಿನಗೂ ಎಂತ ಸಂಬಂಧ?”

ರಿಜಿಸ್ಟ್ರಿ ಕಚೇರಿಯ ಗುಮಾಸ್ತ ಕಿಟಕಿಯ ಸರಳುಗಳ ಆಚೆಯಿಂದ ಹೀಗೆ ಕೇಳಿದಾಗ ನನಗೆ ಮೊದಲು ಬಂದದ್ದು ನಗು. ನಾನು ಕೇಳಲು ಹೋಗಿದ್ದು ನನ್ನದೇ ಬಿಡುಗಡೆ ಪತ್ರದ ನಕಲು. ಗಂಡನ ಮನೆಯಿಂದ ಹೊರಗೆ ಬಂದವಳು ನಾನು. ಕುಲದ ಹಿರಿಯರ ಮುಂದೆ ತಾಳಿ ಬಿಚ್ಚಿ ವೀಳ್ಯದೆಲೆಯ ಮೇಲೆ ಇಟ್ಟವಳು ನಾನು. ಸಂಬಂಧ ಕೇಳುತ್ತಾನೆ ಇವನು! ಪಕ್ಕದಲ್ಲಿದ್ದ ನಮ್ಮ ಅಜ್ಜಿ ಮಾತ್ರ ನಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಒತ್ತರಿಸಿಕೊಂಡು, “ಸಂಬಂಧ ಇಲ್ಲ ಅಂತ ಬರ್ಸ್ಕೊಂಡಿರೋ ಕಾಗ್ದ ಅದು, ಬುದ್ಧೀ. ಅದ್ಕೇ ಬೇಕು,” ಎಂದಳು.

ಗುಮಾಸ್ತ ಮುಖ ಎತ್ತಲಿಲ್ಲ. ದಪ್ಪ ಪುಸ್ತಕವೊಂದರ ಹಾಳೆ ತಿರುವಿದ, ಒಂದು ಕಡೆ ಬೆರಳಿಟ್ಟು ಓದಿದ, ಪಟ್ಟನೆ ಮುಚ್ಚಿದ.

“ಪತ್ರ ಇದೆ. ಬರೆದುಕೊಟ್ಟವನು ಗಂಡ. ಬರೆಸಿಕೊಂಡವನು ಹೆಣ್ಣಿನ ತಂದೆ. ಇದು ನಾಲ್ಕನೇ ಪುಸ್ತಕದ ಪತ್ರ. ಅವರಿಬ್ಬರಲ್ಲಿ ಯಾರಾದರೂ ಬಂದು ಅರ್ಜಿ ಹಾಕಿದರೆ ನಕಲು ಕೊಡ್ತೇವೆ. ಬೇರೆಯವರಿಗೆ ತೋರಿಸುವುದೂ ಇಲ್ಲ.”

“ನಮ್ಮಪ್ಪ ತೀರ್ಕೊಂಡ್ರು,” ಎಂದೆ.

“ಹಾಗಾದರೆ ಗಂಡನನ್ನು ಕರಕೊಂಡು ಬಾ.”

“ಅವ್ನು ಗಂಡ ಅಲ್ಲ ಅನ್ನೋದಕ್ಕೇ ಸ್ವಾಮಿ ಕಾಗ್ದ ಬೇಕಾಗಿರೋದು!”

“ಅದನ್ನು ಅವನ ಹತ್ತಿರ ಹೇಳು. ಮುಂದೆ ಯಾರು?”

ಅಷ್ಟೇ. ನನ್ನ ಬಾಳಿನ ಎರಡು ವರ್ಷ, ನನ್ನ ಕೈಮೇಲಿನ ಕಲೆ, ನಾನು ಬರಿಗಾಲಲ್ಲಿ ನಡೆದುಬಂದ ದಾರಿ, ಎಲ್ಲ ಆ ಪುಸ್ತಕದೊಳಗೆ ಇದ್ದವು. ನಾನು ಮಾತ್ರ ‘ಬೇರೆಯವರು’ ಆಗಿದ್ದೆ.

ಇದು ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದ ಮಾತು. ಅದರಲ್ಲೂ ಕೊನೆಕೊನೆಯ ದಿನಗಳು. ನಮ್ಮ ತಾತ ಹಾಸನದ ಕಡೆಯಿಂದ ಎರಡು ಎತ್ತು ಹೊಡೆದುಕೊಂಡು ಹೊಳೆ ದಾಟಿ ಶಿರಂಗಾಲಕ್ಕೆ ಬಂದು ನೆಲೆಯಾದವನು. ರಾಗಿ, ಹೊಗೆಸೊಪ್ಪು, ನಾಲ್ಕು ದನ. ಅಪ್ಪನಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ನನ್ನ ಗಂಡನಾಗಿದ್ದ ಆ ಮನುಷ್ಯನ ಕಡೆಯವರು ಮೊದಲು ಕೇಳಿಕೊಂಡು ಬಂದದ್ದು ನಮ್ಮ ಅಕ್ಕನನ್ನು. ಅವಳು ಮದುವೆಗೆ ಮುಂಚೆ ಜ್ವರ ಬಂದು ತೀರಿಹೋದಳು. ಕೊಟ್ಟ ಮಾತು ಹೋಗಬಾರದೆಂದು ನನ್ನನ್ನು ಕೊಟ್ಟರು. ಅವನ ಹೆಸರನ್ನು ನಾನು ಆಗಲೂ ಹೇಳುತ್ತಿರಲಿಲ್ಲ, ಈಗಲೂ ಬರೆಯುವುದಿಲ್ಲ. ಆಗ ಸಂಪ್ರದಾಯ, ಈಗ ಅಸಹ್ಯ.

ಅವನ ಊರು ನಮ್ಮೂರಿನಿಂದ ಅರ್ಧ ದಿನದ ನಡಿಗೆ. ಮನೆಯಲ್ಲಿ ಆಳುತ್ತಿದ್ದವಳು ಅವನ ತಾಯಿ. ನನ್ನ ತಲೆಯಲ್ಲಿ ಎರಡು ಸುಳಿ. ಎರಡು ಸುಳಿಯ ಹೆಣ್ಣಿಗೆ ಎರಡು ಮದುವೆ ಎನ್ನುತ್ತಾರೆ ನಮ್ಮ ಕಡೆ. ಮದುವೆಯಾದ ಮೇಲೆ ತಲೆ ಬಾಚುವಾಗ ಅದು ಅತ್ತೆಯ ಕಣ್ಣಿಗೆ ಬಿತ್ತು ನೋಡಿ, ಅಂದಿನಿಂದ ನನ್ನ ಹೆಸರೇ ಹೋಯಿತು. ‘ಎಲ್ಡ್ ಸುಳಿಯೋಳೇ’ ಎಂದೇ ಕೂಗುವುದು. ಒಂದು ಬೆಳಗ್ಗೆ ಅಂಬಲಿ ಉಕ್ಕಿ ಒಲೆ ಆರಿತು. ಅವಳು ಕೆಂಡದಲ್ಲಿ ಕಾದಿದ್ದ ಕಬ್ಬಿಣದ ಸೌಟನ್ನು ಎತ್ತಿ ನನ್ನ ಎಡಗೈ ಮೇಲೆ, ಮೊಣಕೈಯ ಕೆಳಗೆ, ಒತ್ತಿ ಹಿಡಿದಳು. ಸೌಟಿನ ಬಾಯಿಯಷ್ಟೇ ಗುಂಡಗೆ ಬರೆ ಎದ್ದಿತು. ಅವನು ಅಲ್ಲೇ ಉಣ್ಣುತ್ತ ಕೂತಿದ್ದ. ನನ್ನ ಕೂಗು ಕೇಳಿ ತಲೆಯೆತ್ತಿ ನೋಡಿದ. ನೋಡಿ, “ಉಪ್ಪು ಸಾಲ್ದು,” ಎಂದ.

ಉಪ್ಪು ಕೊಡಲಿಲ್ಲ ನಾನು. ಹಾಗೆಯೇ ಎದ್ದು ತವರಿಗೆ ನಡೆದೆ.

ಅಪ್ಪ ಎರಡೂ ಊರಿನ ಹಿರಿಯರನ್ನು ಸೇರಿಸಿದ. ಕುಲದ ಯಜಮಾನರು ರಾಗಿಹುಲ್ಲಿನ ಒಂದು ಕಡ್ಡಿ ಕೊಟ್ಟರು. ಅವನು ಮುರಿದು ಒಂದು ಚೂರನ್ನು ಮೂಡಲಿಗೆ, ಇನ್ನೊಂದನ್ನು ಪಡುವಲಿಗೆ ಎಸೆದ. ನಮ್ಮ ಪದ್ಧತಿಯಲ್ಲಿ ಅಲ್ಲಿಗೆ ಮುಗಿಯಿತು. ಅಪ್ಪ ಮಾತ್ರ ಪಟ್ಟು ಹಿಡಿದ. “ಬಾಯ್ಮಾತು ಮುದ್ದೆ ಹಬೆ ಇದ್ದಂಗೆ. ಆರಿದ್ಮೇಲೆ ಕಾಣಾಕಿಲ್ಲ. ಬರ್ದು ರಿಜಿಸ್ಟ್ರಿ ಆಗ್ಲಿ,” ಎಂದ. ಆಯಿತು. ಆ ಪತ್ರವನ್ನು ಬಿದಿರಿನ ಕೊಳವೆಯೊಳಗೆ ತುರುಕಿ ಸೂರಿನ ಹುಲ್ಲಿಗೆ ಸಿಕ್ಕಿಸಿದ. ಅಪ್ಪ ಸತ್ತ ವರ್ಷ ಅಣ್ಣ ಹುಲ್ಲು ತೆಗೆಸಿ ಹೆಂಚು ಹಾಕಿಸಿದ. ಹುಲ್ಲಿನ ಜೊತೆ ಕೊಳವೆಯೂ ತಿಪ್ಪೆಗೆ ಹೋಯಿತು.

ಆಮೇಲೆ ನಾನು ತವರಿನಲ್ಲಿ ದುಡಿದುಕೊಂಡಿದ್ದೆ. ಹೀಗಿರುವಾಗ ನೆಲ್ಯಹುದಿಕೇರಿಯ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದ ನಮ್ಮ ಕುಲದವರೊಬ್ಬರು, ಹೆಂಡತಿ ಸತ್ತವರು, ಅಜ್ಜಿಯನ್ನು ಕಂಡು ನನ್ನನ್ನು ಕೇಳಿದರು. ರೈಟರ್ ಎಂದರೆ ತೋಟದ ಆಳುಗಳ ಹಾಜರಿ ಬರೆಯುವವರು. ಬಿಡುಗಡೆಯಾದ ಹೆಣ್ಣಿಗೆ ನಮ್ಮಲ್ಲಿ ಕೂಡಿಕೆ ಉಂಟು. ವಾದ್ಯ ಇಲ್ಲ, ಚಪ್ಪರ ಇಲ್ಲ. ಹಿರಿಯರ ಮುಂದೆ ಒಂದು ಸೀರೆ ಕೊಟ್ಟು ಕರೆದುಕೊಂಡು ಹೋಗುತ್ತಾರೆ. ನಾನು ಒಪ್ಪಿದೆ. ಆಸೆಯಾಗಿತ್ತು ಎಂದು ಹೇಳಲು ಈಗ ನನಗೆ ನಾಚಿಕೆಯಿಲ್ಲ.

ಸುದ್ದಿ ಅವನಿಗೆ ಮುಟ್ಟಿತು. ತಾನಾಗಲೇ ಇನ್ನೊಂದು ಹೆಣ್ಣು ತಂದು, ಅವಳಿಗೆ ಮಗುವೂ ಆಗಿದ್ದ ಮನುಷ್ಯ, ಪಾರುಪತ್ತೆಗಾರರ ಹತ್ತಿರ ಹೋಗಿ, ‘ನನ್ನ ಹೆಂಡತಿಯನ್ನು ಇನ್ನೊಬ್ಬ ಕೂಡಿಕೆ ಮಾಡಿಕೊಳ್ಳುತ್ತಾನೆ’ ಎಂದು ದೂರು ಕೊಟ್ಟ. ಆಗ ನಾಡಿನ ಕಂದಾಯವನ್ನೂ ತಂಟೆ ತಕರಾರುಗಳನ್ನೂ ನೋಡುತ್ತಿದ್ದವರು ಪಾರುಪತ್ತೆಗಾರರೇ. ಮದುವೆಯ ಹೊಸ ಕಾನೂನು ಆಗತಾನೇ ಬಂದಿತ್ತು. ಅವರು ನನ್ನನ್ನೂ ಅಜ್ಜಿಯನ್ನೂ ಕರೆಸಿ ನಿಲ್ಲಿಸಿ ಹೇಳಿದರು: “ಬಿಡುಗಡೆ ಆಗಿದ್ದರೆ ಕಾಗದ ತೋರಿಸಿ, ನಿಮ್ಮ ದಾರಿ ನಿಮಗೆ. ಹುತ್ತರಿ ಹಬ್ಬದೊಳಗೆ ತರದಿದ್ದರೆ ಪೊಲೀಸಿಗೆ ಬರೆಯುತ್ತೇನೆ. ಆಮೇಲೆ ನೀನೂ ಆ ರೈಟರೂ ಜೈಲಿನಲ್ಲಿ ಕೂಡಿಕೊಳ್ಳಿ.” ಕಡ್ಡಿ ಮುರಿಸಿದ ಯಜಮಾನರೂ ನಮ್ಮೂರಿನ ಹಿರಿಯರೂ ತೀರಿಕೊಂಡಿದ್ದರು. ಉಳಿದ ಹಿರಿಯರೆಲ್ಲ ಅವನ ಊರಿನವರು. ಕೇಳಿದರೆ ಒಬ್ಬೊಬ್ಬನೂ, ‘ಗ್ಯಾನ ಇಲ್ಲ ಕಣವ್ವ’ ಎಂದು ಆಕಾಶ ನೋಡಿದ.

ಹಾಗಾಗಿ ನಾವು ಆ ಕಿಟಕಿಯ ಮುಂದೆ ನಿಂತಿದ್ದು.

ಕಚೇರಿಯ ಜಗಲಿಯ ಮೂಲೆಯಲ್ಲಿ ಇಳಿಜಾರು ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು ಪತ್ರ ಬರೆಯುವ ಸಾಹೇಬರು ಕೂತಿದ್ದರು. ಕಚೇರಿಯ ದಿನಗಳಲ್ಲಿ ಜಮೀನಿನ ಪತ್ರ, ಸಂತೆಯ ದಿನ ದನ ಮಾರಿದ ಚೀಟಿ, ಅದು ಅವರ ಬದುಕು. ನಮ್ಮನ್ನು ಕರೆದು ಕೂರಿಸಿದರು.

“ಗುಮಾಸ್ತರು ಹೇಳಿದ್ದು ಸುಳ್ಳಲ್ಲ ಅಮ್ಮಾ. ಜಮೀನಿನ ಪತ್ರ ಮೊದಲ್ನೇ ಪುಸ್ತಕ, ಯಾರ್ ಬೇಕಾದ್ರೂ ನೋಡಬೌದು. ಈ ಬಿಡುಗಡೆ ಗಿಡುಗಡೆ ಎಲ್ಲಾ ನಾಲ್ಕ್ನೇ ಪುಸ್ತಕ. ಪಾರ್ಟಿಗೆ ಮಾತ್ರ ಕೊಡ್ತಾರೆ.”

“ನಾನೇ ಅಲ್ವಾ ಸಾಯೇಬ್ರೇ ಪಾರ್ಟಿ?”

“ನೀನು ಪಾರ್ಟಿ ಅಲ್ಲ ಬೇಟಿ. ಗಂಡಸ್ರು ಇಬ್ರು ಪಾರ್ಟಿ. ನೀನು...” ಎಂದು ಪದಕ್ಕಾಗಿ ತಡಕಾಡಿ, “ನೀನು ವಿಷಯ,” ಎಂದರು. ಆಮೇಲೆ ನನ್ನ ಎಡಗೈಯ ಕಡೆ ಒಮ್ಮೆ ನೋಡಿ, ಬೇಗ ಕಣ್ಣು ತೆಗೆದು ಲೇಖನಿಯ ಮೊನೆ ಒರೆಸತೊಡಗಿದರು. ಆ ನೋಟ ಯಾಕೆಂದು ಅಂದು ನನಗೆ ತಿಳಿಯಲಿಲ್ಲ. “ನಿಮ್ಮ ಅಣ್ಣ ಬಂದ್ರೆ ಆಗ್ತದೆ. ಬಾಪ್ ಜಾಗದಲ್ಲಿ ಮಗ.”

ಮನೆಗೆ ಬಂದು ಅಣ್ಣನನ್ನು ಕೇಳಿದೆವು. ಅವನು ಹೊಗೆಸೊಪ್ಪು ಕಟ್ಟುತ್ತಿದ್ದ. ದಾರ ಹಲ್ಲಿನಲ್ಲಿ ಕಚ್ಚಿಕೊಂಡೇ, “ನಾ ಬರಲ್ಲ,” ಎಂದ.

“ಯಾಕ್ಲಾ?” ಎಂದಳು ಅಜ್ಜಿ.

“ಮೂರು ಹೆಣ್ಮಕ್ಳವ್ರೆ ನಂಗೆ. ಸೋದ್ರತ್ತೆ ಕೂಡಿಕೆಯೋಳು ಅಂದ್ರೆ ನಾಳೆ ಯಾವನು ತಂದ್ಕೊತಾನೆ?”

“ಹೆಣ್ಮಕ್ಳ ಚಿಂತೆ ಅಲ್ಲ ಬುಡ್ಲಾ ನಿಂದು. ಸಗಣಿ ಬಾಚೋಕೆ, ಸೊಪ್ಪು ಮುರಿಯೋಕೆ ಕೂಲಿ ಇಲ್ದಿರೋ ಆಳು ಕೈ ಬಿಟ್ಟೋಯ್ತದಲ್ಲ, ಅದು ಚಿಂತೆ.”

ಒಳಗೆ ಅತ್ತಿಗೆ ಪಾತ್ರೆಯೊಂದನ್ನು ಎತ್ತಿ ಕುಕ್ಕಿದಳು. ಅಣ್ಣ ದಾರವನ್ನು ಉಗಿದು ನನ್ನ ಕಡೆ ತಿರುಗಿದ. “ಉಣ್ಣಾಕಿಕ್ತಿಲ್ವಾ ನಿಂಗೆ? ಏನ್ ಕಮ್ಮಿ ಆಗೈತೆ?” ಎಂದ.

“ಎತ್ತಿಗೂ ಇಕ್ತೀಯ ಅಣ್ಣಾ,” ಎಂದೆ. ಅಂದಿನಿಂದ ಅವನು ನನ್ನೊಡನೆ ಮಾತು ಬಿಟ್ಟ. ನಾನೂ ಕರೆದು ಮಾತಾಡಿಸಲಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಅನ್ನ ಉಂಡುಕೊಂಡು, ಇಬ್ಬರೂ ಅಜ್ಜಿಯ ಮೂಲಕ ಬೈದಾಡಿಕೊಳ್ಳುತ್ತಿದ್ದೆವು.

ಉಳಿದಿದ್ದು ಒಂದೇ ದಾರಿ, ಅದು ಅವನ ಮನೆಯ ದಾರಿ. ಯಾವ ದಾರಿಯಲ್ಲಿ ಮತ್ತೆ ಕಾಲಿಡುವುದಿಲ್ಲ ಎಂದು ಬಂದಿದ್ದೆನೋ ಅದೇ ದಾರಿಯಲ್ಲಿ ಅಜ್ಜಿಯ ಕೋಲಿನ ಸದ್ದು ಕೇಳುತ್ತ ನಡೆದೆ. ಊರು ಸಮೀಪಿಸಿದಂತೆ ನನ್ನ ಕಾಲು ನಿಧಾನವಾದವು. “ನಡಿ ಮಗಾ,” ಎಂದಳು ಅಜ್ಜಿ, “ನಾವೇನು ಹೆಣ್ಣು ಕೊಡಾಕೆ ಹೋಯ್ತಿಲ್ಲ.”

ಜಗಲಿಯ ಮೇಲೆ ಅವನ ತಾಯಿ ಹುರುಳಿ ಆರಿಸುತ್ತಿದ್ದಳು. ಕಣ್ಣು ಮಬ್ಬಾಗಿತ್ತು, ನಾಲಿಗೆ ಮಬ್ಬಾಗಿರಲಿಲ್ಲ.

“ಬಂದ್ಲಾ ಎಲ್ಡ್ ಸುಳಿಯೋಳು! ಒಂದ್ ಮನೆ ಮುಗಿಸಿ ಇನ್ನೊಂದ್ ಮನೆಗೆ ಹೊಂಟೌಳೆ, ಹೇಳೋಗೋಕೆ ಬಂದ್ಲು ಕಾಣ್ತದೆ.”

“ನಿನ್ ಸೌಟಿನ ಕಾವು ಆರೈತಾ ಅಂತ ನೋಡೋಕೆ ಬಂದೋ ಕಣಮ್ಮಿ,” ಎಂದು ಅಜ್ಜಿ ಕರೆಯದೆಯೇ ಜಗಲಿಯ ಅಂಚಿನಲ್ಲಿ ಕೂತಳು. ನಾನು ಅಂಗಳದಲ್ಲೇ ನಿಂತೆ. ನೀರು ಬೇಕಾ ಎಂದು ಯಾರೂ ಕೇಳಲಿಲ್ಲ.

ಅವನು ಹಿತ್ತಲಿನಿಂದ ಬಂದ. ಮೈ ಬಂದಿತ್ತು. ಅಜ್ಜಿ ವಿಷಯ ಹೇಳಿದಳು: ಕಚೇರಿಗೆ ಬಂದು ಒಂದು ಅರ್ಜಿಗೆ ಹೆಬ್ಬೆಟ್ಟು ಒತ್ತಬೇಕು, ಅಷ್ಟೇ.

“ಯಾವ್ ಪತ್ರ?” ಎಂದ. “ನಾನು ಯಾವ್ ಕಾಗ್ದಕ್ಕೂ ಹೆಬ್ಬೆಟ್ಟು ಒತ್ತಿಲ್ಲ. ಇವ್ಳು ಇವತ್ಗೂ ನನ್ ಹೆಂಡ್ರೇ.”

“ಹಂಗಾರೆ ಒಳಗಿರೋಳು ಯಾರ್ಲಾ?”

“ಅವ್ಳೂ ಹೆಂಡ್ರೇ. ಕಾನೂನು ಬರೋಕ್ ಮುಂಚೆ ಕಟ್ಟಿವ್ನಿ, ನಂಗೇನೂ ಆಗಲ್ಲ. ಇವ್ಳು ಈಗ ಕಟ್ಟಿಸ್ಕೊಂಡ್ರೆ ಇವ್ಳಿಗೆ ಜೈಲು. ವಕೀಲ್ರು ಹೇಳವ್ರೆ.” ಅವನು ಕಂಬಕ್ಕೆ ಒರಗಿಕೊಂಡ. “ನಾನು ಬಿಟ್ಟೆದ್ದ ಎಲೇಲಿ ಇನ್ನೊಬ್ನು ಉಣ್ಣೋದ್ನ ನೋಡ್ಕೊಂಡು ಕೂತಿರ್ಬೇಕಾ ನಾನು?”

ಅಲ್ಲಿಯವರೆಗೆ ಬಾಯಿ ಕಟ್ಟಿಕೊಂಡಿದ್ದೆ. “ನೀನ್ ಎಲ್ ಉಂಡೆ?” ಎಂದೆ. “ಉಪ್ಪು ಸಾಲ್ದು ಅಂತ ಎಲೆ ಮುಂದೆ ಕೂತಿದ್ದೋನು ನೀನು.”

ಅವನು ಒಂದು ಹೆಜ್ಜೆ ಮುಂದೆ ಬಂದ. ಅಜ್ಜಿ ಕೋಲನ್ನು ಅಡ್ಡ ಇಟ್ಟಳು. ಅಷ್ಟರಲ್ಲಿ ಒಳಗಿನಿಂದ ಅವಳು ಬಂದಳು, ಅವನ ಈಗಿನ ಹೆಂಡತಿ. ನನ್ನದೇ ವಯಸ್ಸು. ಎಡಸೊಂಟದಲ್ಲಿ ಮಗು. ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಬಿಸಿಲಿನ ಹೊತ್ತಿನಲ್ಲಿ ಒಂದು ಕೈ ಮಾತ್ರ ಸೆರಗಿನೊಳಗೆ ಯಾಕಿರುತ್ತದೆ ಎಂಬುದು ಆ ಮನೆಯಲ್ಲಿ ಬಾಳಿದವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆ ನೋಟದಲ್ಲಿ ಪ್ರೀತಿ ಇರಲಿಲ್ಲ. ಆಮೇಲೆ ಅವನ ಕಡೆ ತಿರುಗಿದಳು.

“ಪಾರುಪತ್ತೆಗಾರ್ರ ತಾವ ಹೋಗಿ ಇವ್ಳು ನನ್ ಹೆಂಡ್ರು ಅಂದ್ಯಂತೆ. ಹಂಗಾರೆ ನಾನು ಎಲ್ಡನೇದಾ?”

“ನೀ ಒಳೀಕೆ ನಡಿ.”

“ಮೊದಲ್ನೇದು ಬಿಡುಗಡೆ ಆಗೈತೆ, ರಿಜಿಸ್ಟ್ರೂ ಆಗೈತೆ ಅಂತ ನಮ್ಮಪ್ಪನ ಮುಂದೆ ದೇವ್ರ ದೀಪ ಮುಟ್ಟಿ ಹೇಳಿದ್ದು ಯಾರು? ಆ ದೀಪ ಸುಳ್ಳಾ, ಈ ಮಾತು ಸುಳ್ಳಾ?”

ಅವನು ತಾಯಿಯ ಕಡೆ ನೋಡಿದ. ತಾಯಿ ಹುರುಳಿಯ ಮೊರ ಬಡಿದು, “ಬಾಯ್ಮುಚ್ಚೇ!” ಎಂದಳು.

“ಮುಚ್ಚಲ್ಲ. ನಾಡಿದ್ದು ನೀನು ಕಚೇರಿಗೆ ಹೋಗಿ ಒತ್ತಬೇಕು. ಒತ್ತಲಿಲ್ವಾ, ಮಗೀನ ಎತ್ಕೊಂಡು ತೌರಿಗೆ ಹೋಗಿ ನಮ್ಮಣ್ಣದೀರ ಕೈಲಿ ಕೇಳಿಸ್ತೀನಿ.” ಅವಳ ಅಣ್ಣಂದಿರು ನಾಲ್ಕು ಜನ ಎಂದು ನನಗೆ ಆಮೇಲೆ ಗೊತ್ತಾಯಿತು. ಅವನಿಗೆ ಮೊದಲೇ ಗೊತ್ತಿತ್ತು.

ನನ್ನ ಬಾಯಿಂದ ಏನೋ ಒಳ್ಳೆಯ ಮಾತು ಹೊರಡುವುದರಲ್ಲಿತ್ತು. ಅವಳು ತಡೆದಳು. “ನೀನೇನೂ ಹೇಳ್ಬೇಡ. ನಿನ್ಗೋಸ್ಕರ ಅಲ್ಲ ಕಣೇ. ನಿನ್ ವಾಸ್ನೆನೂ ಇರಬಾರ್ದು ಈ ಮನೇಲಿ.”

ಎರಡು ದಿನ ಕಳೆದು ಅವನು ಕಚೇರಿಗೆ ಬಂದ. ಹತ್ತು ಮಾರು ಹಿಂದೆ ಮಗುವನ್ನು ಎತ್ತಿಕೊಂಡು ಅವಳು. ಕಿಟಕಿಯ ಗುಮಾಸ್ತ ಅವನಿಗೆ ‘ಬನ್ನಿ’ ಎಂದ! ನನಗೆ ‘ನೀನು’, ಅವನಿಗೆ ‘ಬನ್ನಿ’. ಸಾಹೇಬರು ಅರ್ಜಿ ಬರೆದರು, ಅವನು ಹೆಬ್ಬೆಟ್ಟು ಒತ್ತಿದ. ನಕಲು ಬರೆದು, ತಾಳೆ ನೋಡಿ, ಮೊಹರು ಹಾಕುವಷ್ಟರಲ್ಲಿ ಮಧ್ಯಾಹ್ನ ಇಳಿಯಿತು. ಅವನು ಎಷ್ಟು ಸಲೀಸಾಗಿ ಎಲ್ಲಕ್ಕೂ ಒಪ್ಪಿದನೆಂದರೆ ನನಗೆ ಅನುಮಾನ ಬಂತು. ನಕಲು ಕೈಗೆ ಬಂದ ಕೂಡಲೇ ಹೆಂಡತಿಗೆ ಕಾಣುವಂತೆ ಎತ್ತಿ ಹಿಡಿದು, ಜಗಲಿಯಲ್ಲಿ ಕೂತಿದ್ದ ನನ್ನ ಮಡಿಲಿಗೆ ಎಸೆದ.

“ತಗ. ಓದಿಸ್ಕೊ. ನಿನ್ ಹೆಸ್ರು ಎಲ್ಲೈತೆ ಅಂತ ಹುಡುಕ್ಕೊ,” ಎಂದು ಹಲ್ಲು ಕಿಸಿದ.

ಆಗ ನನಗೆ ಓದಲು ಬರುತ್ತಿರಲಿಲ್ಲ. ಸಾಹೇಬರ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಓದತೊಡಗಿದರು: “...ನಿಮ್ಮ ಮಗಳಾದ ಹೆಣ್ಣನ್ನು ಕುಲದ ಯಜಮಾನರ ಸಮಕ್ಷಮ ಈ ದಿನ ಬಿಡುಗಡೆ ಮಾಡಿರುತ್ತೇನೆ. ಇನ್ನು ಮುಂದೆ ಸದರಿ ಹೆಣ್ಣಿಗೂ ನನಗೂ ಯಾವ ಹಕ್ಕುಬಾಧ್ಯತೆಯೂ ಇರುವುದಿಲ್ಲ. ಸದರಿ ಹೆಣ್ಣು ಯಾರನ್ನು ಕೂಡಿಕೊಂಡರೂ ನನ್ನ ತಕರಾರು ಇರುವುದಿಲ್ಲ...”

“ಹೆಸ್ರು?” ಎಂದೆ.

ಹೆಸರು ಇರಲಿಲ್ಲ. ಮೊದಲಿನಿಂದ ಕೊನೆಯವರೆಗೆ ‘ಸದರಿ ಹೆಣ್ಣು’. ಕೆಟ್ಟ ಕಾಗದದಲ್ಲಿ ಬಾಳುವ ಹೆಣ್ಣಿನ ಹೆಸರು ಬರೆದರೆ ಅವಳಿಗೆ ಕೇಡು ಎಂದು ನಮ್ಮ ಹಿರಿಯರ ನಂಬಿಕೆ. ಸಾವಿನ ಓಲೆಯಲ್ಲಿ ಬದುಕಿರುವವರ ಹೆಸರು ಬರೆಯುವುದಿಲ್ಲವಲ್ಲ, ಹಾಗೆ. ನನ್ನ ಮೇಲಿನ ಅಕ್ಕರೆಯಿಂದಲೇ ಅಪ್ಪ ಹೆಸರು ಬಿಡಿಸಿದ್ದ. ಆ ಅಕ್ಕರೆ ಈಗ ನನ್ನ ಕುತ್ತಿಗೆಗೆ ಬಂದಿತ್ತು.

“ನಿಮ್ಮಪ್ಪಂಗೆ ಇಬ್ರು ಹೆಣ್ಮಕ್ಳು,” ಎಂದ ಅವನು. ಮಾತು ವಕೀಲನದು, ನಗು ಮಾತ್ರ ಅವನದೇ. “ಇದು ಸತ್ತೋದ ನಿಮ್ಮಕ್ಕನ ಮಾತುಕತೆ ಮುರಿದಾಗ ಬರ್ಕೊಟ್ಟಿದ್ದು ಅಂತೀನಿ ಪಾರುಪತ್ತೆಗಾರ್ರ ಮುಂದೆ. ಏನ್ ಮಾಡ್ತೀಯ?”

ನನಗೆ ಅಳು ಬರಲಿಲ್ಲ, ಆ ಜಗಲಿಯ ಮೇಲಿದ್ದವರನ್ನೆಲ್ಲ ಕಚ್ಚಬೇಕು ಎನ್ನಿಸಿತು.

ಸಾಹೇಬರು ಕೆಮ್ಮಿದರು. “ಇನ್ನೂ ಮುಗಿದಿಲ್ಲ. ಕೆಳಗೆ ಸ್ವಲ್ಪ ಇದೆ,” ಎಂದವರು ಮುಂದೆ ಓದದೆ ನನ್ನ ಮುಖ ನೋಡಿದರು. “ಬೇಟಿ, ಕೋಪ ಮಾಡ್ಕೋಬೇಡ. ಇದು ಬರೆದದ್ದು ನಾನೇ. ಹಿಂದಿನ ದಿನ ಸಂತೆ ಇತ್ತು. ನಲವತ್ತು ದನದ ಚೀಟಿ ಬರೆದ ಕೈ. ಹೆಸರು ಬೇಡ ಅಂದ್ರು ನಿಮ್ಮ ಅಪ್ಪ. ಹೆಸರಿಲ್ಲದ ಮಾಲಿಗೆ ಗುರುತು ಬೇಕಲ್ಲಾ ಅಂತ ಅವರನ್ನೇ ಕೇಳಿ...”

“ಓದಿ,” ಎಂದೆ.

“‘ಸದರಿ ಹೆಣ್ಣಿನ ಗುರುತು. ಬಣ್ಣ ಎಣ್ಣೆಗೆಂಪು. ಮೈಕಟ್ಟು ಸಾಧಾರಣ. ತಲೆಯಲ್ಲಿ ಸುಳಿ ಎರಡು. ಎಡಗೈ ಮೊಣಕೈ ಕೆಳಗೆ ಸೌಟಿನ ಬರೆ ಒಂದು. ಹಾಯುವ, ಒದೆಯುವ ದುರ್ಗುಣ ಇಲ್ಲ.’”

ಜಗಲಿಯಲ್ಲಿದ್ದವರು ಗೊಳ್ಳೆಂದು ನಕ್ಕರು. ಯಾರೋ, “ಹಲ್ಲೆಷ್ಟು ಅಂತ ಬರ್ದಿಲ್ವಾ ಸಾಯೇಬ್ರೇ?” ಎಂದ. ಸಂತೆಯಲ್ಲಿ ಹೋರಿ ಕೊಂಡವನಿಗೆ ಕೊಡುವ ಚೀಟಿಯ ಧಾಟಿ ಅದು, ಅಕ್ಷರಕ್ಕೆ ಅಕ್ಷರ. ನನ್ನ ಮುಖ ಕೆಂಡವಾಯಿತು. “ದನ ಅಂತ ಬರ್ದಿದ್ದೀರಾ ನನ್ನ?” ಎಂದು ಸಾಹೇಬರ ಮೇಲೆ ಎಗರಿದೆ. ಬೈದೆ. ಪಾಪ, ಅವರು ಕನ್ನಡಕ ತೆಗೆದು ಸುಮ್ಮನೆ ಬೈಸಿಕೊಂಡರು.

ನಗದೆ ಆ ಸಾಲುಗಳ ಬೆಲೆ ತಿಳಿದವರು ಇಬ್ಬರು. ಒಬ್ಬ ಅವನು. ಬರೆದ ದಿನ ಪತ್ರ ಓದಿ ಹೇಳುವಾಗ ಬೀಡಿ ಸೇದಲು ಹೊರಗೆ ಹೋಗಿದ್ದನಂತೆ. ಹೆಸರಿಲ್ಲ ಎಂಬುದಷ್ಟೇ ಗೊತ್ತಿತ್ತು, ಬರೆ ಇದೆ ಎಂಬುದು ಗೊತ್ತಿರಲಿಲ್ಲ. ಅವನ ಹಲ್ಲು ಒಳಗೆ ಹೋದವು. “ಆ ಕಾಗ್ದ ನಂದು, ಅರ್ಜಿ ನಂದು, ಕೊಡಿ ಇಲ್ಲಿ,” ಎಂದು ಕೈ ಚಾಚಿದ. ಇನ್ನೊಬ್ಬಳು ನಮ್ಮ ಅಜ್ಜಿ. ಸಾಹೇಬರ ಕೈಯಿಂದ ಕಾಗದ ಯಾವಾಗ ಕಿತ್ತಳೋ, ನಾಲ್ಕು ಮಡಿಕೆ ಮಾಡಿ ಎಲೆಯಡಿಕೆ ಚೀಲಕ್ಕೆ ಯಾವಾಗ ತುರುಕಿದಳೋ, ನಾನು ನೋಡುವ ಹೊತ್ತಿಗೆ ಚೀಲವನ್ನು ನೆಲದ ಮೇಲಿಟ್ಟು ಅದರ ಮೇಲೆ ಕಾಲು ಚಾಚಿಕೊಂಡು ಕೂತುಬಿಟ್ಟಿದ್ದಳು.

“ಬಾಪ್ಪ,” ಎಂದಳು ಅವನಿಗೆ. “ಎಂಬತ್ತು ವರ್ಸದ ಮುದ್ಕಿನ ಎತ್ತಿ ತಗ. ಕಚೇರಿ ಎಲ್ಲ ನೋಡ್ಲಿ.”

ಅವನು ಸುತ್ತ ನೋಡಿದ. ಕಿಟಕಿಯಲ್ಲಿ ಗುಮಾಸ್ತನ ಮುಖವೂ ಕಂಡಿತು. “ಜಗಲಿಯಲ್ಲಿ ಗಲಾಟೆ ಬೇಡ,” ಎಂದ ಗುಮಾಸ್ತ. ಯಾರ ಪರವಾಗಿ ಹೇಳಿದನೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ಮನುಷ್ಯ ಉಗುಳಿ ಮೆಟ್ಟಿಲಿಳಿದು ಹೋದ.

ಹೆಂಡತಿ ಕೂಡಲೇ ಹಿಂದೆ ಹೋಗಲಿಲ್ಲ. ನನ್ನ ಹತ್ತಿರ ಬಂದು ನಿಂತಳು. ಮುಖ ಮೊನ್ನೆಯಷ್ಟೇ ಬಿಗಿಯಾಗಿತ್ತು.

“ನಿಂಗೆ ಎಡಗೈ ಅಂತ ಬರ್ದವ್ರೆ,” ಎಂದಳು. “ನಂದು ಬಲಗೈ.”

ಅಷ್ಟು ಹೇಳಿ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ಅವನು ಹೋದ ಕಡೆಗೇ ನಡೆದಳು.

ಪಾರುಪತ್ತೆಗಾರರ ಮುಂದೆ ನಾವು ನಿಂತಾಗ ಹುತ್ತರಿಗೆ ಇನ್ನೂ ಎಂಟು ದಿನವಿತ್ತು. ಅವನೂ ಬಂದಿದ್ದ, ಅಕ್ಕನ ಕಥೆಯನ್ನು ಬಾಯಿಪಾಠ ಮಾಡಿಕೊಂಡು. ಪಾರುಪತ್ತೆಗಾರರು ಅದನ್ನು ಪೂರ್ತಿ ಕೇಳಿದರು. ಆಮೇಲೆ ಅಜ್ಜಿ ಚೀಲದಿಂದ ತೆಗೆದ, ಸುಣ್ಣ ಮೆತ್ತಿದ ನಕಲನ್ನು ಬಿಡಿಸಿ ತಾವೇ ಓದಿಕೊಂಡರು. ಕೊನೆಗೆ ಬಂದಾಗ ಅವರ ಮೀಸೆ ಒಮ್ಮೆ ಅಲುಗಿತು.

“ಎಂತ ಕಾಗದ ಮಾರಾಯ ಇದು?” ಎಂದವರು ನನ್ನ ಕಡೆ ನೋಡಿದರು. “ಕೈ ನೀಡು.”

ನಾನು ಎಡಗೈಯ ಬಳೆಗಳನ್ನು ಮಣಿಕಟ್ಟಿಗೆ ಇಳಿಸಿ ಕೈಯನ್ನು ಮೇಜಿನ ಮೇಲೆ, ಕಾಗದದ ಪಕ್ಕದಲ್ಲಿ ಇಟ್ಟೆ. ಆ ಕಲೆಯನ್ನು ಅಲ್ಲಿಯವರೆಗೆ ಮನೆಯವರನ್ನು ಬಿಟ್ಟು ನಾನು ಯಾರಿಗೂ ತೋರಿಸಿರಲಿಲ್ಲ. ಸಂತೆಗೆ ಹೋದರೆ ಸೆರಗು ಹೊದ್ದು ಹೋಗುತ್ತಿದ್ದೆ. ಅಂದು ಬೇಕೆಂದೇ ಬೆಳಕಿಗೆ ತಿರುಗಿಸಿ ಇಟ್ಟೆ.

“ಅಕ್ಕನಿಗೂ ಬರೆ ಇತ್ತಾ?” ಎಂದು ಅವನನ್ನು ಕೇಳಿದರು. ಅವನು ಬಾಗಿಲ ಕಡೆ ನೋಡಿದ. “ಇದು ಯಾರು ಹಾಕಿದ್ದು?” ಎಂದರು. ಅವನು ಹೆಗಲ ವಸ್ತ್ರ ಸರಿಮಾಡಿಕೊಂಡ. “ಹೇಳದಿದ್ದರೆ ಈ ಬರೆಯ ವಿಷಯ ನಾನು ಪೊಲೀಸಿಗೆ ಬರೆಯಬೇಕಾಗ್ತದೆ,” ಎಂದಾಗ ನೆಲ ನೋಡುತ್ತ, “ಇವ್ಳೇ ಸ್ವಾಮಿ. ಬಿಡುಗಡೆ ಆಗಿರೋಳು ಇವ್ಳೇ. ದೂರು ವಾಪಸ್ ತಗತೀನಿ,” ಎಂದ.

ಪಾರುಪತ್ತೆಗಾರರು ಕಾಗದ ಮಡಿಚಿ ನನ್ನ ಕೈಗೇ ಕೊಟ್ಟರು. ಕೊಡುತ್ತ, “ಹಾಯುವುದಿಲ್ಲ, ಒದೆಯುವುದಿಲ್ಲ ಅಂತ ಬರೆದಿದೆ. ನಿಜವೇನಮ್ಮ?” ಎಂದರು.

“ಬರ್ದಾಗ ನಿಜ ಇತ್ತು ಸ್ವಾಮಿ,” ಎಂದೆ. “ಈಗಾದ್ರೆ ತಿದ್ದಿ ಬರೀಬೇಕು.”

ಹುತ್ತರಿ ಕಳೆದು ಕೂಡಿಕೆಯಾಯಿತು. ಅಣ್ಣ ಬರಲಿಲ್ಲ. ಸೀರೆಯನ್ನು ಅಜ್ಜಿಯೇ ನನ್ನ ಹೆಗಲಿಗೆ ಹಾಕಿದಳು, ಎರಡು ಸುಳಿಯ ಮೇಲೆ ಕೈಯಾಡಿಸಿ, “ಆ ಮುದ್ಕಿ ಬಾಯಾಗೆ ಇದೊಂದು ಮಾತು ನಿಜವಾಗ್ಲಿ,” ಎಂದಳು. ರೈಟರ್ ಸಂಜೆ ಹಾಜರಿ ಪುಸ್ತಕ ಮುಚ್ಚಿದ ಮೇಲೆ ನನಗೆ ಅಕ್ಷರ ಕಲಿಸಿದರು. ನಾನು ಕೂಡಿಸಿಕೊಂಡು ಕೂಡಿಸಿಕೊಂಡು ಓದಿದ ಮೊದಲ ಬರಹ ಆ ನಕಲು. ಹೆಸರು ಎಲ್ಲಾದರೂ ಇದ್ದೀತೇ ಎಂದು ಅದನ್ನು ಎಷ್ಟು ಸಲ ಓದಿದ್ದೇನೋ!

ಕೆಲವು ವರ್ಷಗಳು ಕಳೆದವು. ಕೊಡಗು ರಾಜ್ಯ ಹೋಗಿ ಜಿಲ್ಲೆಯಾಯಿತು. ಬೇರೇನೋ ಕೆಲಸಕ್ಕೆ ಪೇಟೆಗೆ ಹೋದವಳು ಅದೇ ರಿಜಿಸ್ಟ್ರಿ ಕಚೇರಿಯ ಮುಂದೆ ನಿಂತೆ. ಜಗಲಿಯ ಮೂಲೆಯಲ್ಲಿ ಸಾಹೇಬರು ಇರಲಿಲ್ಲ, ಕಿಟಕಿಯಲ್ಲಿ ಬೇರೆ ಗುಮಾಸ್ತರಿದ್ದರು. ನಾನು ಆ ಊರಿನ ಹೆಸರು, ಆ ಮನುಷ್ಯನ ತಂದೆಯ ಹೆಸರು ಹೇಳಿದೆ. ಅವನ ಹೆಸರನ್ನೂ, ಬಾಳಿನಲ್ಲಿ ಅದೊಂದೇ ಸಲ, ಹೇಳಿದೆ. ನಾಲ್ಕನೇ ಪುಸ್ತಕದಲ್ಲಿ ಅವನು ಬರೆದುಕೊಟ್ಟ ಇನ್ನೊಂದು ಬಿಡುಗಡೆ ಪತ್ರ ಇದೆಯೇ, ಬಲಗೈ ಬರೆಯ ಹೆಣ್ಣಿನದು, ಎಂದು ಕೇಳಿದೆ.

“ನೀವು ಯಾರು?” ಎಂದರು. “ಆ ಪತ್ರಕ್ಕೂ ನಿಮಗೂ ಎಂತ ಸಂಬಂಧ?”

ಈ ಸಲ ಉತ್ತರ ಕೊಡಲು ಅಜ್ಜಿ ಇರಲಿಲ್ಲ. ಇದ್ದರೆ ಏನು ಹೇಳುತ್ತಿದ್ದಳು ಎಂದು ಯೋಚಿಸುತ್ತ ನಿಂತಿದ್ದೆ. ಹಿಂದಿನಿಂದ ಯಾರೋ, “ಸ್ವಲ್ಪ ಆಚೆ ಸರೀರಮ್ಮ,” ಎಂದು ಗದರಿದರು.